ಸಮಾಜಕಾರ್ಯಕ್ಕೆ ಯಾವ ಬಿ.ಎ.?

1936ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಿಂದ ‘ಸೋಷಿಯಲ್ ಫಿಲಾಸಫಿ’ ಎಂಬ ವಿಷಯದಲ್ಲಿ ಬಿ.ಎ. ಆನರ್ಸ್ ಮುಗಿಸಿ ಹೊರಬಂದವರಲ್ಲಿ ಎಂ.ಎನ್. ಶ್ರೀನಿವಾಸ್ ಒಬ್ಬರು. ಮುಂದೆ ದೇಶದ ಹೆಸರಾಂತ ಸಮಾಜಶಾಸ್ತ್ರಜ್ಞರಾದ ಅವರಿಗೆ ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಅದೇ ವರ್ಷ ಮುಂಬಯಿಯ ನಾಗಪಾಡಾದಲ್ಲಿ, ಕೂಲಿಕಾರರ ಇಕ್ಕಟ್ಟಾದ ವಸತಿಗಳ ನಡುವೆ, ‘ಸರ್ ದೊರಾಬ್ಜಿ ಟಾಟಾ ಗ್ರಾಜುಯೇಟ್ ಸ್ಕೂಲ್ ಆಫ್ ಸೋಷಿಯಲ್ ವರ್ಕ್’ ಎಂಬ ಉದ್ದ ಹೆಸರಿನ ಪುಟ್ಟ ಶಾಲೆಯೊಂದು 20 ವಿದ್ಯಾರ್ಥಿಗಳೊಂದಿಗೆ ಶುರುವಾಯಿತು. ಸಮಾಜಕಾರ್ಯವನ್ನು ವೃತ್ತಿಯಾಗಿ ಕಲಿಸಲು ಭಾರತದಲ್ಲಿ ಹುಟ್ಟಿದ ಮೊದಲ ಶಾಲೆ ಅದು.

ಮೈಸೂರಿನ ಆ ಪದವಿಗೂ ಮುಂಬಯಿಯ ಆ ಶಾಲೆಗೂ ನಂಟು ಬೆಳೆಯಲು ಇನ್ನೂ ಹದಿನೆಂಟು ಇಪ್ಪತ್ತು ವರ್ಷ ಬೇಕಾಯಿತು. ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ, ತತ್ತ್ವಶಾಸ್ತ್ರದ ಮಗ್ಗುಲಲ್ಲೇ ಸಮಾಜಶಾಸ್ತ್ರಕ್ಕೂ ಜಾಗ ಮಾಡಿಕೊಟ್ಟ ಎ.ಆರ್. ವಾಡಿಯಾ 1950ರ ದಶಕದಲ್ಲಿ ಮುಂಬಯಿಯ ಸಂಸ್ಥೆಗೆ ನಿರ್ದೇಶಕರಾಗಿ ಹೋದರು. ಭಾರತದ ಸಮಾಜಕಾರ್ಯದ ಚರಿತ್ರೆ ಮತ್ತು ತತ್ತ್ವವನ್ನು ಕುರಿತ ದೊಡ್ಡ ಗ್ರಂಥವೊಂದು 1961ರಲ್ಲಿ ಹೊರಬಂದಾಗ ಅದರ ಸಂಪಾದಕರೂ ಅವರೇ. ಜನರ ಕಷ್ಟಕ್ಕೆ ಕೈಹಾಕುವ ಕೆಲಸಕ್ಕೆ ಯಾವ ಓದು ಬೇಕು ಎಂಬ ಪ್ರಶ್ನೆಗೆ ಈ ನಾಡಿನ ತರಗತಿಯೊಂದು ಕೊಟ್ಟ ಮೊದಲ ಉತ್ತರವನ್ನು ವಾಡಿಯಾ ಅವರ ಈ ಪಯಣದಲ್ಲಿ ಕಾಣಬಹುದು: ನೀತಿ, ಸಮಾಜ, ರಾಜ್ಯ ಮೂರನ್ನೂ ಒಟ್ಟಿಗೆ ಓದಿದ ಮನಸ್ಸು ಬೇಕು.

ಪಿಯುಸಿ ಮುಗಿಸಿದ ಮಕ್ಕಳು ಇಂದಿಗೂ ಇದೇ ಪ್ರಶ್ನೆ ಕೇಳುತ್ತಾರೆ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಬೇಕು, ಅದಕ್ಕೆ ಮೊದಲು ಯಾವ ಡಿಗ್ರಿ? ಸಮಾಜಶಾಸ್ತ್ರವೋ, ಮನಃಶಾಸ್ತ್ರವೋ, ನೇರವಾಗಿ ಸಮಾಜಕಾರ್ಯದ್ದೇ ಮೊದಲ ಪದವಿಯಾದ ಬಿಎಸ್‌ಡಬ್ಲ್ಯೂವೋ? ಕಾಲೇಜಿನ ಪ್ರವೇಶ ಕೌಂಟರಿನಲ್ಲಿ ಎರಡು ನಿಮಿಷದಲ್ಲಿ ಮುಗಿದುಹೋಗುವ ಈ ಮಾತಿನ ಹಿಂದೆ ನೂರಿಪ್ಪತ್ತು ವರ್ಷ ಮೀರಿದ ಜಗ್ಗಾಟವಿದೆ.

ಪದವಿಯ ಮಾತು ಬರುವ ಮುಂಚೆಯೂ ಕೆಲಸ ನಡೆಯುತ್ತಲೇ ಇತ್ತು. ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕುದ್ಮುಲ್ ರಂಗರಾವ್ ವಕೀಲರು. ಹುಬ್ಬಳ್ಳಿಯಲ್ಲಿ ಸೇವಾದಳ ಕಟ್ಟಿದ ನಾ.ಸು. ಹರ್ಡೀಕರ್ ವೈದ್ಯರು, ಅಮೆರಿಕದಲ್ಲಿ ಓದಿ ಬಂದವರು. ಅದೇ ಹುಬ್ಬಳ್ಳಿಯಲ್ಲಿ ಭಗಿನಿ ಮಂಡಲದ ಮೂಲಕ ಹೆಂಗಸರನ್ನು ಮನೆಯಿಂದ ಹೊರತಂದ ಉಮಾಬಾಯಿ ಕುಂದಾಪುರ ಮುಂದೆ ಕಸ್ತೂರಬಾ ಸ್ಮಾರಕ ಟ್ರಸ್ಟಿನ ಕರ್ನಾಟಕ ಶಾಖೆಯ ಹೊಣೆ ಹೊತ್ತರು. ಇವರ ನಡುವೆ ಒಬ್ಬರ ಓದು ಮಾತ್ರ ಬೇರೆ ದಾರಿಯದು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಡಿಪ್ಲೊಮಾ ಓದಿದ್ದರು. ಗಾಂಧೀಜಿಯ ಚಳವಳಿಯ ಸುದ್ದಿ ಕೇಳಿ ಊರಿಗೆ ಮರಳಿ ಸೇವಾದಳ ಸೇರಿದರು. ಆ ಡಿಪ್ಲೊಮಾದ ಬಲದಿಂದ ಅವರಿಗೆ ಯಾರೂ ನೌಕರಿ ಕೊಡಲಿಲ್ಲ, ಅವರು ಕೇಳಲೂ ಇಲ್ಲ. ಆದರೆ ಮುಂದೆ ನಿರಾಶ್ರಿತರಿಗೆ ಸಹಕಾರಿ ಊರು ಕಟ್ಟುವಾಗಲೂ, ಕುಶಲಕರ್ಮಿಗಳ ಕೈಕಸುಬಿಗೆ ಮಾರುಕಟ್ಟೆ ಹುಡುಕುವಾಗಲೂ ಅವರಿಗಿದ್ದ ನೋಟ ಬರೀ ಕರುಣೆಯದಲ್ಲ. ದುಡಿಮೆ ಹೇಗೆ ನಡೆಯುತ್ತದೆ, ಮನೆತನ ಹೇಗೆ ಬಾಳುತ್ತದೆ ಎಂಬುದನ್ನು ಅರಿತವರ ನೋಟ.

ಓದಿಗೂ ಈ ಕೆಲಸಕ್ಕೂ ಗಂಟು ಹಾಕುವ ಯೋಚನೆ ಮೊದಲು ಬಲವಾಗಿ ಮೊಳೆತದ್ದು ಅಮೆರಿಕದಲ್ಲಿ. ಅದನ್ನು ಮುಂದಿಟ್ಟ ಮೇರಿ ರಿಚ್‌ಮಂಡ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಚಿಕ್ಕಂದಿನಲ್ಲೇ ತಬ್ಬಲಿಯಾಗಿ ಬಾಲ್ಟಿಮೋರಿನಲ್ಲಿ ಅಜ್ಜಿಯ ಮನೆಯಲ್ಲಿ ಬೆಳೆದು, ಹೈಸ್ಕೂಲು ಮುಗಿಸಿ, ಲೆಕ್ಕ ಬರೆಯುವ ಕೆಲಸ ಮಾಡುತ್ತ, 1889ರಲ್ಲಿ ಆ ಊರಿನ ಚಾರಿಟಿ ಆರ್ಗನೈಸೇಷನ್ ಸೊಸೈಟಿಗೆ ಸಹಾಯಕ ಖಜಾಂಚಿಯಾಗಿ ಸೇರಿದ ಹೆಣ್ಣುಮಗಳು. ಬಡವರ ಮನೆಗೆ ಹೋಗಿ ಬರುವ ಸ್ವಯಂಸೇವಕರು ಒಳ್ಳೆಯವರು, ಆದರೆ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂದು ಅವರಿಗೆ ಹೇಳಿಕೊಟ್ಟವರಿಲ್ಲ ಎಂಬುದು ಅವರ ಕೊರಗು. 1897ರಲ್ಲಿ ಟೊರಾಂಟೊದಲ್ಲಿ ನಡೆದ ಸಮ್ಮೇಳನದಲ್ಲಿ ಇದಕ್ಕೊಂದು ತರಬೇತಿ ಶಾಲೆ ಬೇಕು ಎಂದರು. ಮರುವರ್ಷವೇ ನ್ಯೂಯಾರ್ಕಿನಲ್ಲಿ ಆರು ವಾರಗಳ ಬೇಸಿಗೆ ಶಾಲೆ ನಡೆಯಿತು. ಅದೇ ಬೆಳೆದು ಇಂದಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಮಾಜಕಾರ್ಯ ಶಾಲೆಯಾಗಿದೆ. 1917ರಲ್ಲಿ ಬಂದ ರಿಚ್‌ಮಂಡ್ ಅವರ ‘ಸೋಷಿಯಲ್ ಡಯಾಗ್ನೋಸಿಸ್’ ಪುಸ್ತಕ ಒಂದು ಕುಟುಂಬದ ಸಂಗತಿಯನ್ನು ಹೇಗೆ ಕಲೆಹಾಕಬೇಕು, ಯಾವ ಸಾಕ್ಷ್ಯವನ್ನು ಎಷ್ಟು ನಂಬಬೇಕು ಎಂದು ಪುಟ ಪುಟಗಳಲ್ಲಿ ವಿವರಿಸಿತು. ಡಿಗ್ರಿಯೇ ಇಲ್ಲದ ಹೆಂಗಸು ಬರೆದ ಪುಸ್ತಕ ಡಿಗ್ರಿಗೆ ಪಠ್ಯವಾಯಿತು.

ಆ ಹೊತ್ತಿಗೆ ದೊಡ್ಡ ಪೆಟ್ಟೊಂದು ಬಿದ್ದಿತ್ತು. 1915ರಲ್ಲಿ ಏಬ್ರಹಾಂ ಫ್ಲೆಕ್ಸ್‌ನರ್, ಅಮೆರಿಕದ ವೈದ್ಯ ಕಾಲೇಜುಗಳನ್ನು ಜಾಲಾಡಿ ವರದಿ ಬರೆದು ಹೆಸರಾಗಿದ್ದವರು, ಬಾಲ್ಟಿಮೋರಿನ ಸಮ್ಮೇಳನದಲ್ಲಿ ಸಮಾಜಕಾರ್ಯ ಇನ್ನೂ ವೃತ್ತಿಯೆನಿಸಿಕೊಂಡಿಲ್ಲ ಎಂದುಬಿಟ್ಟರು. ಅದಕ್ಕೆ ತನ್ನದೇ ಆದ, ಬೇರೆಯವರಿಗೆ ಕಲಿಸಿಕೊಡಬಹುದಾದ ವಿಧಾನವಿಲ್ಲ ಎಂಬುದು ಅವರ ವಾದ. ಆ ಮಾತಿನ ನೋವು ದಶಕಗಳ ಕಾಲ ಆರಲಿಲ್ಲ. ಉತ್ತರವಾಗಿ ಅಮೆರಿಕದ ಶಾಲೆಗಳು ಮೇಲಕ್ಕೆ ಏರುತ್ತ ಹೋದವು. 1937ರಲ್ಲಿ ಅವುಗಳ ಸಂಘ ಒಂದು ತೀರ್ಮಾನ ಮಾಡಿತು: 1939ರಿಂದ, ಪದವಿ ಮುಗಿಸಿದ ಮೇಲೆ ಓದುವ ಕೋರ್ಸನ್ನಷ್ಟೇ ಸಮಾಜಕಾರ್ಯದ ಶಿಕ್ಷಣವೆಂದು ಒಪ್ಪುವುದು. ಕೆಳಗಿನ ಪದವಿ ತಯಾರಿಯ ಓದು ಮಾತ್ರ. ಅಲ್ಲಿ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಮನಃಶಾಸ್ತ್ರ, ಸಮಾಜಶಾಸ್ತ್ರ ಓದಿ ಬಂದರೆ ಒಳ್ಳೆಯದು. ಇಂದಿನ ಸಲಹೆಗಾರರು ಹೇಳುವ ಪಟ್ಟಿಯೂ ಹೆಚ್ಚುಕಡಿಮೆ ಇದೇ.

ಹಳ್ಳಿಗಾಡಿನ ರಾಜ್ಯಗಳಿಗೆ ಇದು ಒಗ್ಗಲಿಲ್ಲ. 1935ರ ಸೋಷಿಯಲ್ ಸೆಕ್ಯುರಿಟಿ ಕಾಯ್ದೆ ಬಂದಮೇಲೆ ಜಿಲ್ಲೆಜಿಲ್ಲೆಗಳಲ್ಲಿ ಪಿಂಚಣಿ, ಸಹಾಯಧನ ಹಂಚಲು ಸಾವಿರಾರು ಜನ ಬೇಕಾಗಿದ್ದರು. ಅಷ್ಟು ಸ್ನಾತಕೋತ್ತರ ಪದವೀಧರರು ಎಲ್ಲಿಂದ ಬರಬೇಕು? ಸರ್ಕಾರಿ ವಿಶ್ವವಿದ್ಯಾಲಯಗಳು 1942ರಲ್ಲಿ ತಮ್ಮದೇ ಬೇರೆ ಸಂಘ ಕಟ್ಟಿಕೊಂಡು, ಮೊದಲ ಪದವಿಯಲ್ಲೇ ಸಮಾಜಕಾರ್ಯ ಕಲಿಸುತ್ತೇವೆ ಎಂದು ಹಟ ಹಿಡಿದವು. ಎರಡು ಬಣಗಳು 1952ರಲ್ಲಿ ಒಂದೇ ಮಂಡಳಿಯಡಿ ಬಂದರೂ ಬಿಎಸ್‌ಡಬ್ಲ್ಯೂ ಪದವಿಗೆ ಅಲ್ಲಿ ಪೂರ್ಣ ಮನ್ನಣೆ ಸಿಕ್ಕಿದ್ದು 1974ರಲ್ಲಿ. ಈಗ ಅಲ್ಲಿ ಬಿಎಸ್‌ಡಬ್ಲ್ಯೂ ಓದಿದವರಿಗೆ ಎಂಎಸ್‌ಡಬ್ಲ್ಯೂದ ಕಾಲಾವಧಿಯನ್ನು ಕಡಿಮೆ ಮಾಡಿಕೊಡುತ್ತಾರೆ. ನಮ್ಮಲ್ಲಿ ಬಿಎಸ್‌ಡಬ್ಲ್ಯೂ ಮುಗಿಸಿ ಬಂದ ಹುಡುಗಿಯೂ ಬಿ.ಕಾಂ. ಮುಗಿಸಿ ಬಂದ ಹುಡುಗನೂ ಒಂದೇ ಬೆಂಚಿನಲ್ಲಿ ಕೂತು ‘ಕೇಸ್‌ವರ್ಕ್ ಎಂದರೇನು’ ಎಂಬಲ್ಲಿಂದ ಆರಂಭಿಸಬೇಕು. ಮೂರು ವರ್ಷ ಕ್ಷೇತ್ರಕಾರ್ಯ ಮಾಡಿ ಬಂದವಳಿಗೆ ಇದರಿಂದ ಅನ್ಯಾಯವಾಗುತ್ತದೆ.

ಮುಂಬಯಿಗೆ ಈ ವಿದ್ಯೆಯನ್ನು ತಂದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಮಿಷನರಿ. ಜೇನ್ ಆಡಮ್ಸ್ 1889ರಲ್ಲಿ ಕಟ್ಟಿದ ಹಲ್ ಹೌಸ್ ಇದ್ದ ಊರು ಅದು. ವಲಸಿಗರ ಕೇರಿಯಲ್ಲೇ ಮನೆಮಾಡಿ, ಅವರ ಜೊತೆಯಲ್ಲೇ ಬದುಕಿ ಕೆಲಸ ಮಾಡುವ ಪದ್ಧತಿ ಅಲ್ಲಿ ಬೇರುಬಿಟ್ಟಿತ್ತು. ಆ ಪದ್ಧತಿಯನ್ನೇ ಮ್ಯಾನ್‌ಶಾರ್ಟ್ 1926ರಲ್ಲಿ ನಾಗಪಾಡಾ ನೇಬರ್‌ಹುಡ್ ಹೌಸ್ ಆಗಿ ಮುಂಬಯಿಗೆ ತಂದರು. ಮೊದಲು ಕೇರಿಯ ಕೆಲಸ, ಹತ್ತು ವರ್ಷದ ನಂತರ ಶಾಲೆ. ಈ ಅನುಕ್ರಮ ಮುಖ್ಯ. 1932ರಲ್ಲಿ ಸ್ಥಾಪನೆಯಾದ ಸರ್ ದೊರಾಬ್ಜಿ ಟಾಟಾ ಟ್ರಸ್ಟಿಗೆ ಅವರು ಕೊಟ್ಟ ಸಲಹೆಯೇ ಶಾಲೆಯಾಗಿ ರೂಪ ತಳೆಯಿತು. ಹೆಸರಿನಲ್ಲೇ ‘ಗ್ರಾಜುಯೇಟ್’ ಎಂದಿತ್ತು. ಪದವೀಧರರಿಗೆ ಎರಡು ವರ್ಷದ ಡಿಪ್ಲೊಮಾ. 1937ರಲ್ಲಿ ಶಾಲೆ ಮಕ್ಕಳ ಮಾನಸಿಕ ತೊಂದರೆಗಳಿಗೆಂದು ಚೈಲ್ಡ್ ಗೈಡೆನ್ಸ್ ಕ್ಲಿನಿಕ್ ತೆರೆಯಿತು. ವಿದ್ಯಾರ್ಥಿಗಳು ಕಲಿತದ್ದನ್ನು ಮಾಡಿ ನೋಡಲು ಅದೂ ಒಂದು ಜಾಗ. 1944ರಲ್ಲಿ ಶಾಲೆಗೆ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್ ಎಂಬ ಹೆಸರು ಬಂತು, 1954ರಲ್ಲಿ ದೇವನಾರ್‌ಗೆ ಹೋಯಿತು.

ಉಳಿದ ಶಾಲೆಗಳು ಸ್ವಾತಂತ್ರ್ಯದ ಆಸುಪಾಸಿನಲ್ಲಿ ಒಂದರ ಹಿಂದೊಂದು ಹುಟ್ಟಿದವು. 1946ರಲ್ಲಿ ವೈಡಬ್ಲ್ಯೂಸಿಎ ಲಖನೌದಲ್ಲಿ ಆರಂಭಿಸಿದ ಶಾಲೆ ಮರುವರ್ಷ ದೆಹಲಿಗೆ ಬಂದು, ಮುಂದೆ ದೆಹಲಿ ವಿಶ್ವವಿದ್ಯಾಲಯದ ಭಾಗವಾಯಿತು. ಡಿಪ್ಲೊಮಾದ ಬದಲು ಎಂ.ಎ. ಪದವಿಯನ್ನೇ ಕೊಡುವ ದಾರಿ ಅಲ್ಲಿ ತೆರೆಯಿತು. 1947ರಲ್ಲಿ ಕಾಶಿ ವಿದ್ಯಾಪೀಠ, 1950ರಲ್ಲಿ ಬರೋಡ, 1952ರಲ್ಲಿ ಮದ್ರಾಸು.

ಹೊಸ ದೇಶದಲ್ಲಿ ಈ ಪದವಿಗೆ ನೌಕರಿ ಕೊಟ್ಟವರು ಯಾರು ಎಂದು ನೋಡಿದರೆ, ಓದಬೇಕಾದ ವಿಷಯಗಳೂ ಅದಕ್ಕೆ ತಕ್ಕಂತೆ ಹೇಗೆ ಬದಲಾದವು ಎಂಬುದು ತಿಳಿಯುತ್ತದೆ. ಮೊದಲ ದೊಡ್ಡ ಕರೆ ಬಂದದ್ದು ಆಸ್ಪತ್ರೆಯಿಂದಲ್ಲ, ಅನಾಥಾಲಯದಿಂದಲ್ಲ, ಕಾರ್ಖಾನೆಯಿಂದ. 1948ರ ಕಾರ್ಖಾನೆ ಕಾಯ್ದೆಯ 49ನೇ ಕಲಂ 500 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕಲ್ಯಾಣಾಧಿಕಾರಿಗಳನ್ನು ನೇಮಿಸಲೇಬೇಕೆಂದು ಹೇಳಿತು. 1951ರ ಪ್ಲಾಂಟೇಷನ್ ಲೇಬರ್ ಕಾಯ್ದೆ 300 ಕಾರ್ಮಿಕರಿರುವ ತೋಟಗಳಿಗೂ ಇದನ್ನು ವಿಸ್ತರಿಸಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ಎಸ್ಟೇಟುಗಳ ಲೈನ್‌ಮನೆಗಳಿರುವ ನಾಡಿಗೆ ಇದು ಸಣ್ಣ ಸಂಗತಿಯಲ್ಲ. ಬೆಂಗಳೂರಿನಲ್ಲಂತೂ 1940ರಲ್ಲಿ ಎಚ್ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್ಎಂಟಿ, 1954ರಲ್ಲಿ ಬಿಇಎಲ್ ಹೀಗೆ ಸಾಲುಸಾಲಾಗಿ ಕಾರ್ಖಾನೆಗಳು ಎದ್ದಿದ್ದವು. ಹಳ್ಳಿಯಿಂದ ಬಂದು ಸೈರನ್ನಿಗೆ ಹೊಂದಿಕೊಳ್ಳಬೇಕಾದ ಸಾವಿರಾರು ಜನ, ಅವರ ಕ್ಯಾಂಟೀನು, ಕ್ವಾರ್ಟರ್ಸು, ಸಾಲ, ಕುಡಿತ, ಯೂನಿಯನ್ನು. ಆ ನಡುವೆ ನಿಲ್ಲುವವರಿಗೆ ಅರ್ಥಶಾಸ್ತ್ರವೂ ಕಾರ್ಮಿಕ ಕಾನೂನೂ ಗೊತ್ತಿರಬೇಕಿತ್ತು.

ಹಲವು ರಾಜ್ಯಗಳ ಕಲ್ಯಾಣಾಧಿಕಾರಿ ನಿಯಮಗಳಲ್ಲಿ ಪದವಿಯ ಮಾತಿನ ಜೊತೆಗೆ ಇನ್ನೊಂದು ಷರತ್ತೂ ಇದೆ. ಆ ಕಾರ್ಖಾನೆಯ ಹೆಚ್ಚಿನ ಕಾರ್ಮಿಕರು ಆಡುವ ನುಡಿ ಆ ಅಧಿಕಾರಿಗೆ ಚೆನ್ನಾಗಿ ಬರಬೇಕು. ಸಮಾಜಕಾರ್ಯಕ್ಕೆ ಬೇಕಾದ ಓದಿನ ಚರ್ಚೆಯಲ್ಲಿ ಭಾಷೆಯೂ ಒಂದು ಅರ್ಹತೆ ಎಂದು ಸ್ಪಷ್ಟವಾಗಿ ಬರೆದಿಟ್ಟದ್ದು ವಿಶ್ವವಿದ್ಯಾಲಯಗಳಲ್ಲ, ಕಾರ್ಖಾನೆಯ ನಿಯಮಗಳು.

ಈ ದಾರಿ ಮುಂದೆ ಅಗಲವಾಗುತ್ತ ಹೋಗಿ ಬೇರೆಯೇ ಊರನ್ನು ಸೇರಿತು. ‘ಲೇಬರ್ ವೆಲ್ಫೇರ್’ ಎಂಬುದು ‘ಪರ್ಸನಲ್ ಮ್ಯಾನೇಜ್‌ಮೆಂಟ್’ ಆಯಿತು, ಆಮೇಲೆ ‘ಎಚ್‌ಆರ್’ ಆಯಿತು. ಎಂಎಸ್‌ಡಬ್ಲ್ಯೂ ಓದಿ ಪೀಣ್ಯದ ಕಾರ್ಖಾನೆಗಳಲ್ಲೋ ಐಟಿ ಕಂಪನಿಗಳಲ್ಲೋ ಎಚ್‌ಆರ್ ಕೆಲಸ ಹಿಡಿದವರು ಕರ್ನಾಟಕದಲ್ಲಿ ಬಹಳ. ಅವರನ್ನು ದೂರುವುದು ಸರಿಯಲ್ಲ. ಬಡ ಮನೆಯ ಮಕ್ಕಳಿಗೆ ಅದು ಅನ್ನದ ದಾರಿ. ಆದರೆ ಕಾರ್ಮಿಕನ ಪಕ್ಕದಲ್ಲಿ ನಿಲ್ಲಲೆಂದು ಹುಟ್ಟಿದ ಹುದ್ದೆ ಮೇಜಿನ ಆಚೆ ಬದಿಗೆ ಸರಿದದ್ದು ಈ ವೃತ್ತಿ ಕಂಡ ದೊಡ್ಡ ನಷ್ಟಗಳಲ್ಲೊಂದು.

ಆಸ್ಪತ್ರೆಯ ಬಾಗಿಲು ನಿಧಾನವಾಗಿ ತೆರೆಯಿತು. 1946ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಮೊದಲ ವೈದ್ಯಕೀಯ ಸಮಾಜಕಾರ್ಯಕರ್ತರ ನೇಮಕವಾಯಿತು. ಬೆಂಗಳೂರಿನಲ್ಲಿ 1954ರಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹಳೆಯ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. 1960ರ ದಶಕದ ಕೊನೆಯ ಹೊತ್ತಿಗೇ ಅಲ್ಲಿ ಮನೋವೈದ್ಯಕೀಯ ಸಮಾಜಕಾರ್ಯದ ತರಬೇತಿ ಶುರುವಾಗಿತ್ತು. ಅದು ಮುಂದೆ ಎರಡು ವರ್ಷದ ಎಂ.ಫಿಲ್. ಆಯಿತು. ರೋಗಿಗೆ ಮಾತ್ರೆ ಬರೆಯುವವರು ವೈದ್ಯರು. ಆ ಮಾತ್ರೆಯನ್ನು ಊರಲ್ಲಿ ತಪ್ಪದೆ ಕೊಡುವವರು ಯಾರು, ಹೊಲದ ಕೆಲಸಕ್ಕೆ ಮತ್ತೆ ಕರೆಯುತ್ತಾರೋ ಇಲ್ಲವೋ, ಮದುವೆ ಮುರಿಯುತ್ತದೋ ಉಳಿಯುತ್ತದೋ ಎಂಬುದೆಲ್ಲ ಸಮಾಜಕಾರ್ಯಕರ್ತರ ಪಾಲಿಗೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗ, ಜಿಲ್ಲಾ ಮಟ್ಟದಲ್ಲೇ ಮಾನಸಿಕ ಆರೋಗ್ಯ ಸೇವೆ ಕೊಡಬಹುದೆಂದು ತೋರಿಸಿ, ದೇಶಕ್ಕೆ ಮಾದರಿಯಾಯಿತು. 1996ರಿಂದ ಹಬ್ಬಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಗಳಲ್ಲಿ ಈ ಕಾರ್ಯಕರ್ತರಿಗೂ ಸ್ಥಾನವಿದೆ.

ಕಾನೂನಿನಲ್ಲೂ ಪದವಿಯ ಹೆಸರು ಅಚ್ಚಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೋವೈದ್ಯಕೀಯ ಸಮಾಜಕಾರ್ಯಕರ್ತ ಎಂದರೆ ಯಾರು ಎಂಬುದಕ್ಕೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಅದರ ಮೇಲೆ ಎರಡು ವರ್ಷದ ಎಂ.ಫಿಲ್. ಎಂದು ವ್ಯಾಖ್ಯೆ ಬರೆಯಿತು. 2022ರಲ್ಲಿ ಯುಜಿಸಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿದಾಗ ಈ ಕೋರ್ಸಿಗೆ ತಾತ್ಕಾಲಿಕ ವಿನಾಯಿತಿ ಕೊಡಬೇಕಾಗಿ ಬಂತು. 2021ರ ಇನ್ನೊಂದು ಕೇಂದ್ರ ಕಾಯ್ದೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿದೆ. ಈ ಕವಲು ಹಿಡಿಯಬೇಕೆಂದಿರುವ ಹದಿನೇಳರ ಹುಡುಗಿಗೆ ಬಿ.ಎ.ಯಲ್ಲಿ ಮನಃಶಾಸ್ತ್ರ ಓದು ಎಂದರೆ ತಪ್ಪಾಗಲಾರದು.

ಆದರೆ ಎಲ್ಲ ಕಾಯ್ದೆಗಳಿಗೂ ಈ ವೃತ್ತಿಯ ಮೇಲೆ ಒಂದೇ ಕಣ್ಣಿಲ್ಲ. 2015ರ ಬಾಲನ್ಯಾಯ ಕಾಯ್ದೆಯನ್ನು ತೆಗೆದು ನೋಡಿ. ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜಕಾರ್ಯಕರ್ತರು ಇರಬೇಕು, ಅವರಲ್ಲಿ ಒಬ್ಬರು ಮಹಿಳೆ. ಅವರಿಗೆ ಮಕ್ಕಳ ಕ್ಷೇತ್ರದಲ್ಲಿ ಕನಿಷ್ಠ 7 ವರ್ಷ ದುಡಿದ ಅನುಭವವಿರಬೇಕು. ಇಲ್ಲವೆ ಮಕ್ಕಳ ಮನಃಶಾಸ್ತ್ರ, ಮನೋವೈದ್ಯಶಾಸ್ತ್ರ, ಸಮಾಜಶಾಸ್ತ್ರ ಅಥವಾ ಕಾನೂನಿನಲ್ಲಿ ಪದವಿ ಪಡೆದು ವೃತ್ತಿ ಮಾಡುತ್ತಿರಬೇಕು. ಮೂಲ ಕಾಯ್ದೆಯ ಈ ಕಲಮಿನಲ್ಲಿ ಹುದ್ದೆಯ ಹೆಸರು ಸಮಾಜಕಾರ್ಯಕರ್ತ ಎಂದೇ ಇದ್ದರೂ ಪದವಿಗಳ ಸಾಲಿನಲ್ಲಿ ಸಮಾಜಕಾರ್ಯವೇ ಇಲ್ಲ! ಅದೇ ಕಾಯ್ದೆ ಮಕ್ಕಳ ಕಲ್ಯಾಣ ಸಮಿತಿಗೆ ಬಂದಾಗ ಸಮಾಜಕಾರ್ಯದ ಪದವಿಯನ್ನು ಹೆಸರಿಸುತ್ತದೆ. ವೈದ್ಯರಿಗೆ, ವಕೀಲರಿಗೆ, ದಾದಿಯರಿಗೆ ಇರುವಂಥ ಶಾಸನಬದ್ಧ ರಾಷ್ಟ್ರೀಯ ಮಂಡಳಿ ಒಟ್ಟಾರೆ ಸಮಾಜಕಾರ್ಯಕ್ಕೆ ಇಲ್ಲದಿರುವುದರ ಫಲ ಇಂಥ ಕಡೆ ಕಾಣುತ್ತದೆ.

ಕರ್ನಾಟಕದ ನೆಲದಲ್ಲಿ ಈ ಶಿಕ್ಷಣ ಬೇರೂರಿದ ಕಥೆಗೆ ಮಂಗಳೂರಿಗೇ ಮರಳಬೇಕು. ಕುದ್ಮುಲ್ ರಂಗರಾಯರ ಮಿಷನ್ ಹುಟ್ಟಿ ಅರುವತ್ತಮೂರು ವರ್ಷಗಳ ನಂತರ, 1960ರಲ್ಲಿ, ಅಲ್ಲಿನ ವೆಲೆನ್ಸಿಯಾದಲ್ಲಿ ರೋಶನಿ ನಿಲಯ ಎಂಬ ಸಮಾಜಕಾರ್ಯ ಶಾಲೆ ಆರಂಭವಾಯಿತು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಹುಟ್ಟಿದ ಡಾಟರ್ಸ್ ಆಫ್ ದ ಹಾರ್ಟ್ ಆಫ್ ಮೇರಿ ಎಂಬ ಸನ್ಯಾಸಿನಿಯರ ಸಂಸ್ಥೆಯ ಕೆಲಸ ಅದು. ಈ ಸನ್ಯಾಸಿನಿಯರು ಧರಿಸುವುದು ಎಲ್ಲರಂತೆ ಸಾದಾ ಉಡುಪು. ಜನರ ನಡುವೆ ಬೇರೆಯಾಗಿ ಕಾಣಬಾರದೆಂಬುದು ಅವರ ಹಳೆಯ ಪದ್ಧತಿ. ಮುಂಬಯಿಯಲ್ಲಿ 1955ರಲ್ಲಿ ನಿರ್ಮಲಾ ನಿಕೇತನ ಎಂಬ ಇಂಥದೇ ಶಾಲೆ ತೆರೆದವರೂ ಇವರೇ. ರೋಶನಿ ನಿಲಯದ ಸ್ಥಾಪಕ ಪ್ರಾಂಶುಪಾಲೆ ಒಲಿಂಡಾ ಪಿರೇರಾ ಮುಂದೆ ಹಿರಿಯ ನಾಗರಿಕರಿಗಾಗಿ ವಿಶ್ವಾಸ್ ಟ್ರಸ್ಟ್ ಕಟ್ಟಿ ದುಡಿದರು. ಅದೇ ದಶಕದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಸಮಾಜಕಾರ್ಯದ ಸ್ನಾತಕೋತ್ತರ ಓದು ಶುರುವಾಯಿತು, ಬಳಿಕ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ. ಇಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲೂ ಬಿಎಸ್‌ಡಬ್ಲ್ಯೂ ತರಗತಿಗಳಿವೆ.

ಹೆಸರಿನ ವಿಚಾರವೂ ಇಲ್ಲಿ ಹೇಳಲೇಬೇಕು. ಕನ್ನಡದಲ್ಲಿ ಬಹುಕಾಲ ಇದ್ದದ್ದು ‘ಸಮಾಜ ಸೇವೆ’ ಎಂಬ ಮಾತು. ರಕ್ತದಾನ ಶಿಬಿರ ಏರ್ಪಡಿಸಿದವರೂ ಸಮಾಜ ಸೇವಕರು, ಜಾತ್ರೆಯಲ್ಲಿ ನೀರು ಕೊಟ್ಟವರೂ ಸಮಾಜ ಸೇವಕರು. ಸೇವೆ ಎಂದಮೇಲೆ ಸಂಬಳ ಕೇಳುವಂತಿಲ್ಲ, ಅದಕ್ಕೊಂದು ಓದು ಬೇಕು ಎಂದರೂ ಯಾರೂ ಒಪ್ಪುವುದಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಎಚ್.ಎಂ. ಮರುಳಸಿದ್ಧಯ್ಯ ಈ ವಿದ್ಯೆಯನ್ನು ಕನ್ನಡದಲ್ಲಿ ಬರೆಯಲು ಜೀವಮಾನವಿಡೀ ದುಡಿದರು. ‘ಸಮಾಜಕಾರ್ಯ’ ಎಂಬ ಶಬ್ದ ಕನ್ನಡದ ಓದುಗರಿಗೆ ಪರಿಚಿತವಾಗಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು. ಧಾರವಾಡದ ಸೀಮೆಯ ಮಕುಂಟಿ ಎಂಬ ಹಳ್ಳಿಯ ಮುದುಕ ಮುದುಕಿಯರನ್ನು ಕುರಿತು ಅವರು ಮಾಡಿದ ಅಧ್ಯಯನ 1969ರಲ್ಲಿ ಪುಸ್ತಕವಾಗಿ ಬಂತು. ವೃದ್ಧಾಪ್ಯವನ್ನು ಒಂದು ಸಾಮಾಜಿಕ ಪ್ರಶ್ನೆಯಾಗಿ ಈ ದೇಶದಲ್ಲಿ ಯಾರೂ ಹೆಚ್ಚು ನೋಡಿರದ ದಿನಗಳವು. ಸಮಾಜಶಾಸ್ತ್ರದ ಕಣ್ಣಿನಿಂದ ಊರನ್ನು ನೋಡುವುದು ಎಷ್ಟು ಫಲ ಕೊಡಬಲ್ಲದು ಎಂಬುದಕ್ಕೆ ಆ ಪುಸ್ತಕ ಸಾಕು.

ಸಮಾಜಶಾಸ್ತ್ರಕ್ಕೂ ಸಮಾಜಕಾರ್ಯಕ್ಕೂ ಇರುವ ಈ ಸಂಬಂಧವನ್ನು ತಮ್ಮ ಬದುಕಿನಲ್ಲೇ ತೋರಿಸಿದವರು ಎಂ.ಎಸ್. ಗೋರೆ. ದೆಹಲಿ ಶಾಲೆಯ ಪ್ರಾಂಶುಪಾಲರಾಗಿ, 1962ರಲ್ಲಿ ವಾಡಿಯಾ ಅವರ ಉತ್ತರಾಧಿಕಾರಿಯಾಗಿ ಮುಂಬಯಿಯ ಸಂಸ್ಥೆಗೆ ಬಂದು ಎರಡು ದಶಕ ನಡೆಸಿದ ಅವರು ಎರಡೂ ವಿಷಯಗಳನ್ನು ಆಳವಾಗಿ ಬಲ್ಲವರು. ನಗರಕ್ಕೆ ಬಂದ ಕುಟುಂಬ ಹೇಗೆ ಬದಲಾಗುತ್ತದೆ ಎಂದು ಅಧ್ಯಯನ ಮಾಡಿದವರೂ, ಸಮಾಜಕಾರ್ಯ ಶಿಕ್ಷಣ ಹೇಗಿರಬೇಕೆಂದು 1965ರಲ್ಲಿ ಪುಸ್ತಕ ಬರೆದವರೂ ಅವರೇ. ಅದೇ ವರ್ಷ ಯುಜಿಸಿಯ ಮೊದಲ ಪರಿಶೀಲನಾ ಸಮಿತಿಯ ವರದಿ ಬಂತು, 1980ರಲ್ಲಿ ಎರಡನೆಯದು. ಇಷ್ಟೆಲ್ಲ ಆದರೂ ಎಂಎಸ್‌ಡಬ್ಲ್ಯೂ ಪ್ರವೇಶದ ಬಾಗಿಲನ್ನು ನಮ್ಮ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಒಂದೇ ವಿಷಯದವರಿಗೆ ಸೀಮಿತಗೊಳಿಸಲಿಲ್ಲ. ಬಿ.ಎಸ್ಸಿ. ಓದಿದವರೂ, ಬಿ.ಕಾಂ. ಓದಿದವರೂ ಬರಬಹುದು.

ಈ ಉದಾರತೆ ಉಳಿಯಬೇಕು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಎಚ್. ಸುದರ್ಶನ್ ವೈದ್ಯರು. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಿಗೆ ಹೋದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 1984ರಲ್ಲಿ ಹುಟ್ಟಿದ್ದು ಮೈಸೂರಿನ ವೈದ್ಯ ವಿದ್ಯಾರ್ಥಿಗಳಿಂದ. ಕೃಷಿ ಓದಿದ ಹುಡುಗನಿಗೆ ಒಣಬೇಸಾಯದ ರೈತನ ಸಾಲದ ಲೆಕ್ಕ ಬೇಗ ಹಿಡಿತಕ್ಕೆ ಬರುತ್ತದೆ, ಕಾನೂನು ಓದಿದವಳಿಗೆ ಠಾಣೆಯ ಮೆಟ್ಟಿಲಲ್ಲಿ ಧೈರ್ಯ ಬರುತ್ತದೆ. ಒಂದೇ ವಿಷಯದ ಬಿ.ಎ.ಗೆ ಬಾಗಿಲು ಮೀಸಲಾಗಿದ್ದರೆ ಇಂಥ ಓದುಗಳೆಲ್ಲ ಹೊರಗುಳಿಯುತ್ತಿದ್ದವು.

ಕರ್ನಾಟಕದ ಬಿ.ಎ.ಗಂತೂ ‘ಮೇಜರ್’ ಎಂಬ ಮಾತೇ ಹೊಸದು. ನಮ್ಮ ಕಾಲೇಜುಗಳಲ್ಲಿ ತಲೆಮಾರುಗಳಿಂದ ಇದ್ದದ್ದು ಮೂರು ಐಚ್ಛಿಕ ವಿಷಯಗಳ ಕಾಂಬಿನೇಷನ್: ಎಚ್‌ಇಪಿ, ಎಚ್‌ಇಎಸ್, ಎಚ್‌ಇಕೆ. ಎಚ್‌ಇಎಸ್ ತೆಗೆದುಕೊಂಡವರು ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರವನ್ನು ಸರಿಸಮವಾಗಿ ಓದಿ ಹೊರಬರುತ್ತಿದ್ದರು. 2021ರಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಎಲ್ಲರಿಗಿಂತ ಮೊದಲು ಜಾರಿ ಮಾಡಿದ ರಾಜ್ಯ ಮೇಜರ್, ಮೈನರ್, ನಾಲ್ಕು ವರ್ಷದ ಆನರ್ಸ್ ಎಂದೆಲ್ಲ ತಂದಿತು. 2024ರಲ್ಲಿ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷ, ಮೂರು ಸಮಾನ ವಿಷಯಗಳಿಗೆ ಮರಳಿತು. ನಡುವಿನ ಮೂರು ಬ್ಯಾಚಿನ ಮಕ್ಕಳು ಗೊಂದಲ ಉಂಡರು. ಆದರೆ ಸಮಾಜಕಾರ್ಯಕ್ಕೆ ಹೋಗುವವರ ಮಟ್ಟಿಗೆ ಹಳೆಯ ಮೂರು ವಿಷಯಗಳ ಪದ್ಧತಿಯೇ ಹೆಚ್ಚು ಒಳ್ಳೆಯದು. ವಾಡಿಯಾ ಅವರ ಕಾಲದ ಸೋಷಿಯಲ್ ಫಿಲಾಸಫಿ ಪದವಿಯ ಹರವು ಅದರಲ್ಲಿ ಸ್ವಲ್ಪವಾದರೂ ಉಳಿದಿದೆ. ಆ ಮೂರರಲ್ಲಿ ಒಂದು ಐಚ್ಛಿಕ ಕನ್ನಡವಾಗಿದ್ದರೆ ಇನ್ನೂ ಒಳ್ಳೆಯದು.

ಐಚ್ಛಿಕ ಕನ್ನಡ ಎಂದರೆ ಹುಬ್ಬೇರಿಸುವವರು ಎಂಎಸ್‌ಡಬ್ಲ್ಯೂ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಫೀಲ್ಡ್ ವರ್ಕಿನ ದಿನ ನೋಡಬೇಕು. ನಾಗಪಾಡಾದ ಕಾಲದಿಂದ ಇವತ್ತಿನವರೆಗೆ ಈ ಓದಿನ ಬೆನ್ನೆಲುಬು ಅದೇ. ವಾರದಲ್ಲಿ ಎರಡು ದಿನ ತರಗತಿ ಬಿಟ್ಟು ಆಸ್ಪತ್ರೆ, ಕೊಳೆಗೇರಿ, ಶಾಲೆ, ಬಾಲಮಂದಿರ. ವರ್ಷಕ್ಕೊಂದು ಗ್ರಾಮೀಣ ಶಿಬಿರ. ಕೊನೆಗೆ ತಿಂಗಳಿಡೀ ಬ್ಲಾಕ್ ಪ್ಲೇಸ್‌ಮೆಂಟ್. ಹೋಗಿ ಬಂದ ಮೇಲೆ ರಿಪೋರ್ಟ್ ಬರೆಯಬೇಕು, ಅದನ್ನು ಹಿಡಿದು ಮೇಷ್ಟರ ಮುಂದೆ ‘ಐಸಿ’ಗೆ, ಅಂದರೆ ಒಬ್ಬೊಬ್ಬರಾಗಿ ಕೂರುವ ಚರ್ಚೆಗೆ ಹೋಗಬೇಕು.

ಬಳ್ಳಾರಿ ಕಡೆಯ ಹೆಣ್ಣುಮಗಳೊಬ್ಬಳು ಜಿಲ್ಲಾಸ್ಪತ್ರೆಯ ಬೆಂಚಿನ ಮೇಲೆ ಕೂತು ಹೇಳುತ್ತಾಳೆ ಎಂದಿಟ್ಟುಕೊಳ್ಳೋಣ: “ಎದೀ ಒಳಗ ಬೆಂಕಿ ಬಿದ್ದಂಗ ಆಕ್ಕತ್ರಿ ಅಕ್ಕಾರ, ಮನ್ಯಾಗ ಯಾರ ಮಾತಾಡ್ಸಿದ್ರೂ ಅಳು ಬರ್ತತಿ.” ಎದುರಿಗೆ ಕೂತ ವಿದ್ಯಾರ್ಥಿನಿಯ ಕೈಯಲ್ಲಿರುವ ಫಾರಂ ಇಂಗ್ಲಿಷಿನದು. ಅದರಲ್ಲಿ ‘ಡಿಪ್ರೆಸ್ಡ್ ಮೂಡ್’ ಎಂಬ ಚೌಕವಿದೆ, ಗುರುತು ಹಾಕಬಹುದು. ಆಕೆ ಗುರುತು ಹಾಕಿ, ಪುಟ ತಿರುಗಿಸಿ, ಖಾಲಿ ಹಿಂಬದಿಯಲ್ಲಿ ಆ ಮಾತನ್ನು ಹೇಳಿದ ಹಾಗೇ ಕನ್ನಡದಲ್ಲಿ ಬರೆದುಕೊಳ್ಳುತ್ತಾಳೆ. ಬೆಂಕಿ ಯಾವಾಗಿನಿಂದ, ಮನೆಯಲ್ಲಿ ಯಾರ್ಯಾರಿದ್ದಾರೆ, ತವರು ಎಷ್ಟು ದೂರ ಎಂದು ಕೇಳುತ್ತ ಹೋಗುತ್ತಾಳೆ.